ಗೋಕರ್ಣದಲ್ಲಿ ಮೂರು ರಾತ್ರಿ: ₹81,774ರ ಬಿಲ್ಲು ₹43,470ಕ್ಕೆ ಇಳಿದ ಬಗೆ

ಶಿರಸಿ ಹತ್ತಿರದ ಹಳ್ಳಿಯೊಂದರ ನಿವೃತ್ತ ಹೈಸ್ಕೂಲು ಮಾಸ್ತರರಿಗೆ ಎಪ್ಪತ್ತು ತುಂಬಿತು. ಶಾಂತಿ, ಹೋಮ ಎಲ್ಲ ಮನೆಯಲ್ಲೇ ಮುಗಿದಿತ್ತು. ಅವರಿಗೆ ಉಳಿದಿದ್ದ ಆಸೆ ಒಂದೇ: ಮಕ್ಕಳು, ಅಳಿಯ, ಸೊಸೆ, ಮೊಮ್ಮಗ ಎಲ್ಲರೂ ಒಟ್ಟಿಗೆ ಗೋಕರ್ಣಕ್ಕೆ ಹೋಗಿ ಮಹಾಬಲೇಶ್ವರನ ದರ್ಶನ ಮಾಡಬೇಕು, ಎರಡು ಮೂರು ದಿನ ಸಮುದ್ರದ ಹತ್ತಿರವೇ ಉಳಿಯಬೇಕು. ಮಗಳು, ಅಳಿಯ ಮತ್ತು ನಾಲ್ಕು ವರ್ಷದ ಮೊಮ್ಮಗ ಇರುವುದು ಬೆಂಗಳೂರಿನಲ್ಲಿ. ಮಗ, ಸೊಸೆ ಮುಂಬೈಯಲ್ಲಿ. ಒಟ್ಟು ಆರು ಜನ ದೊಡ್ಡವರು, ಒಂದು ಮಗು. ಮೂರು ರೂಮು, ಮೂರು ರಾತ್ರಿ ಬೇಕು.

ಬುಕಿಂಗಿನ ಹೊಣೆ ಮಗಳ ಮೇಲೆ ಬಿತ್ತು. ಹಳೇ ಪರಿಚಯದ ಸಲುಗೆಯಲ್ಲಿ ಲೆಕ್ಕ ನೋಡಲು ನನ್ನನ್ನೂ ಕರೆದಿದ್ದರು. ಸ್ಕ್ರೀನ್‌ಶಾಟು, ಬಿಲ್ಲು, ಕಾರ್ಡಿನ ಸ್ಟೇಟ್‌ಮೆಂಟು ಎಲ್ಲವನ್ನೂ ಮುಂದಿಟ್ಟುಕೊಂಡೇ ಮಾತಾಡಿದೆವು. ಅವರ ಒಪ್ಪಿಗೆ ಪಡೆದು, ಮನೆಯವರ ಹೆಸರನ್ನೂ ಹೋಟೆಲಿನ ಹೆಸರನ್ನೂ ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ. ‘ಆಫರ್’, ‘ಪಾಯಿಂಟ್’ ಎಂಬ ಎರಡು ಮಾತಿಗೆ ಮರುಳಾಗಿ ಜನ ಹೆಚ್ಚು ಖರ್ಚು ಮಾಡಿ ಬರುವುದನ್ನು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಈ ಮನೆಯವರು ಹಾಗೆ ಮಾಡಲಿಲ್ಲ. ಅವರು ಹೋದ ದಾರಿ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲ ಪ್ಲಾನು

ನವೆಂಬರ್ ಮಧ್ಯದಲ್ಲಿ ಮಗಳು ಆ್ಯಪ್ ತೆರೆದಾಗ ಕಂಡದ್ದು ಹೀಗಿತ್ತು. ಗೋಕರ್ಣದ ಹತ್ತಿರ, ಕಡಲಿಗೆ ನಾಲ್ಕು ಹೆಜ್ಜೆ ದೂರದ ರೆಸಾರ್ಟು. ದಿನಾಂಕ 2025ರ ಡಿಸೆಂಬರ್ 26ರಿಂದ 29. ₹14,000ಕ್ಕೆ ಅಡ್ಡಗೆರೆ ಎಳೆದು ಕೆಳಗೆ ಹಸಿರು ಅಕ್ಷರದಲ್ಲಿ ₹7,700, ಪಕ್ಕದಲ್ಲಿ ‘ಶೇ 45 ರಿಯಾಯಿತಿ’. ಇನ್ನೂ ಕೆಳಗೆ ಕೆಂಪಿನಲ್ಲಿ ‘ಎರಡೇ ರೂಮು ಬಾಕಿ’. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸಿಲ್ಲ ಎಂಬ ಮಾತು ಮಾತ್ರ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ.

ಅಡ್ಡಗೆರೆ ಎಳೆದ ₹14,000ವನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ. ಅದೇ ರೂಮನ್ನು ಬೇರೆ ಬೇರೆ ವಾರಗಳಿಗೆ ಹಾಕಿ ನೋಡಿದೆವು. ಒಂದು ದಿನವೂ ಅದು ಆ ದರಕ್ಕೆ ಬರಲಿಲ್ಲ. ಯಾರೂ ಕೊಡದ ದರದ ಮೇಲೆ ಶೇ 45 ಇಳಿಸಿದರೆ ನಮಗೆ ಉಳಿಯುವುದು ಏನೂ ಇಲ್ಲ. ಕೊನೆಯ ಪುಟಕ್ಕೆ ಹೋಗಿ, ತೆರಿಗೆ ಸೇರಿ ಕೈಯಿಂದ ಹೋಗುವ ಮೊತ್ತ ಎಷ್ಟು ಎಂದಷ್ಟೇ ನೋಡಬೇಕು.

ಅಲ್ಲಿಗೆ ಹೋದಾಗ ಒಂದು ರೂಮಿಗೆ ಒಂದು ರಾತ್ರಿಗೆ ₹9,086 ಆಗಿತ್ತು. ಕಾರಣ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಶೇ 5 ತೆರಿಗೆ, ಅದನ್ನು ದಾಟಿದರೆ ಶೇ 18. ಈ ಶೇ 18 ಬರೀ ಹೆಚ್ಚುವರಿ ₹200ಕ್ಕಲ್ಲ, ಪೂರ್ತಿ ₹7,700ಕ್ಕೆ ಬೀಳುತ್ತದೆ. ಅದೇ ರೂಮು ₹7,500ಕ್ಕೆ ಸಿಕ್ಕಿದ್ದರೆ ತೆರಿಗೆ ಸೇರಿ ₹7,875. ಬಾಡಿಗೆಯಲ್ಲಿ ₹200 ಹೆಚ್ಚಾದದ್ದಕ್ಕೆ ಕೈಯಿಂದ ಹೋಗುವುದು ₹1,211 ಹೆಚ್ಚು. ಹಾಗಾಗಿ ದರ ಏಳೂವರೆ ಸಾವಿರದ ಆಸುಪಾಸಿನಲ್ಲಿದ್ದರೆ ಹೋಟೆಲಿನವರ ಹತ್ತಿರ ನೂರಿನ್ನೂರು ಇಳಿಸಿಕೊಳ್ಳಲು ಮಾತಾಡುವುದು ಬಹಳ ಲಾಭದ ಕೆಲಸ. ಆದರೆ ಇಳಿಕೆ ಹೋಟೆಲಿನ ಬಿಲ್ಲಿನಲ್ಲೇ ಕಾಣಬೇಕು. ಬ್ಯಾಂಕು ಆಮೇಲೆ ಕೊಡುವ ಕ್ಯಾಶ್‌ಬ್ಯಾಕಿನಿಂದ ತೆರಿಗೆಯ ದರ ಬದಲಾಗುವುದಿಲ್ಲ.

ಮೂರು ರೂಮು, ಮೂರು ರಾತ್ರಿ, ಅಂದರೆ ಒಂಬತ್ತು ಪಟ್ಟು: ₹81,774. ತಿಂಡಿ ಮಾತ್ರ ಅದರಲ್ಲಿ ಸೇರಿದೆ, ಊಟ ಬೇರೆ. ಫೋನಿನಲ್ಲಿ ಇದನ್ನು ಕೇಳಿದ ಆಯಿ (ಮಾಸ್ತರರ ಹೆಂಡತಿ), “ರೂಮಿಗೇ ಇಷ್ಟು ದುಡ್ಡು ಕೊಟ್ರೆ ನಿದ್ದೆ ಬತ್ತನೇ ತಂಗಿ?” ಎಂದರು.

ಮಳೆಗಾಲ ಬೇಡ, ಡಿಸೆಂಬರ್ ಕೊನೆ ಬೇಡ

ಮಾಸ್ತರರು ಸೂಚಿಸಿದ್ದು ಮಳೆಗಾಲವನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ರೂಮುಗಳು ಬಹಳ ಅಗ್ಗ ಎಂಬುದು ನಿಜ. ಆದರೆ ಆ ದಿನಗಳಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ದಾರಿಯದ್ದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು, ಜೀವಗಳು ಹೋದವು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಇಲ್ಲಿಯ ಮಳೆ ಗೊತ್ತಿರುವವರು ದುಡ್ಡು ವಾಪಸು ಬಾರದ ಆಷಾಢದ ಆಫರನ್ನು ಅಗ್ಗ ಎನ್ನಲಾರರು. ಮಳೆಗಾಲದಲ್ಲೇ ಬರುತ್ತೇವೆ ಎನ್ನುವವರು ₹300–400 ಹೆಚ್ಚಾದರೂ ಹಿಂದಿನ ದಿನದವರೆಗೆ ಉಚಿತವಾಗಿ ರದ್ದು ಮಾಡಬಹುದಾದ ರೂಮನ್ನೇ ಹಿಡಿಯಲಿ.

ಉಳಿದದ್ದು ಜನವರಿ. ಕ್ಯಾಲೆಂಡರ್ ನೋಡಿದರೆ 2026ರ ಜನವರಿ 26 ಸೋಮವಾರ. ಶನಿವಾರ, ಭಾನುವಾರ ಸೇರಿಸಿ ಬೆಂಗಳೂರು, ಹುಬ್ಬಳ್ಳಿಯ ಅರ್ಧ ಜನ ಓಂ ಬೀಚಿನಲ್ಲಿರುತ್ತಾರೆ. ಫೆಬ್ರುವರಿ 15ಕ್ಕೆ ಮಹಾಶಿವರಾತ್ರಿ, ಆ ವಾರ ಗೋಕರ್ಣದ ರಥಬೀದಿಯಲ್ಲಿ ನಿಲ್ಲಲಿಕ್ಕೂ ಜಾಗ ಸಿಗದು. ಈ ಎರಡರ ನಡುವೆ ಜನವರಿ 27ರ ಮಂಗಳವಾರದಿಂದ 30ರ ಶುಕ್ರವಾರ ಖಾಲಿ ಇತ್ತು. ಅದೇ ಆ್ಯಪ್, ಅದೇ ರೆಸಾರ್ಟು, ಅದೇ ರೂಮು: ರಾತ್ರಿಗೆ ₹5,200. ಶೇ 5 ತೆರಿಗೆ ಸೇರಿ ₹5,460. ಒಂಬತ್ತಕ್ಕೆ ₹49,140.

ಕೂಪನ್ನೂ ಇಲ್ಲದೆ, ಪಾಯಿಂಟೂ ಇಲ್ಲದೆ, ಬರೀ ದಿನಾಂಕ ಬದಲಿಸಿದ್ದಕ್ಕೆ ₹32,634 ಉಳಿಯಿತು. ಪ್ರಕರಣದ ದೊಡ್ಡ ಉಳಿತಾಯ ಇದೇ. ಇದಕ್ಕೆ ಬೆಲೆಯೂ ಇತ್ತು. ಮಗಳು, ಅಳಿಯ ಇಬ್ಬರೂ ಆಫೀಸಿಗೆ ನಾಲ್ಕು ದಿನ ರಜೆ ಹಾಕಬೇಕಾಯಿತು. ರಜೆಗೆ ಸಂಬಳ ಕಡಿತವಾಗುವವರು, ಶಾಲೆಗೆ ಹೋಗುವ ದೊಡ್ಡ ಮಕ್ಕಳಿರುವವರು ಈ ಲೆಕ್ಕವನ್ನು ತಮ್ಮ ಮನೆಗೆ ಹೊಂದಿಸಿಯೇ ನೋಡಬೇಕು.

ಕಡಿಮೆ ಬೆಲೆಯ ಜಾಗವನ್ನೂ ನೋಡದೆ ಬಿಡಲಿಲ್ಲ. ಕುಡ್ಲೆ ಬೀಚಿನ ಇಳಿಜಾರಿನಲ್ಲಿ ಗುಡಿಸಲಿನಂಥ ರೂಮುಗಳು ಇದರ ಮೂರನೇ ಒಂದು ಪಾಲಿಗೆ ಸಿಗುತ್ತಿದ್ದವು. ಆದರೆ ಮಾಸ್ತರರ ಮೊಣಕಾಲು ಅಷ್ಟು ಮೆಟ್ಟಿಲು ಇಳಿದು ಹತ್ತುವ ಸ್ಥಿತಿಯಲ್ಲಿಲ್ಲ. ದಾಂಡೇಲಿಯ ಜಂಗಲ್ ಲಾಡ್ಜಸ್ ಕಡೆಯೂ ಒಮ್ಮೆ ಮಾತು ಹೋಯಿತು. ಅಲ್ಲಿ ದರ ತಲೆ ಲೆಕ್ಕದ್ದು, ಊಟ ತಿಂಡಿ ಎಲ್ಲ ಅದರಲ್ಲೇ ಸೇರಿರುತ್ತದೆ. ಹಾಗಾಗಿ ರೂಮಿನ ದರದ ಜತೆ ನೇರವಾಗಿ ಹೋಲಿಸಿದರೆ ತಪ್ಪು ಲೆಕ್ಕ ಬರುತ್ತದೆ, ಮೂರು ಹೊತ್ತಿನ ಊಟ ಕಳೆದು ನೋಡಬೇಕು. ಆದರೆ ಮಾಸ್ತರರಿಗೆ ಬೇಕಿದ್ದದ್ದು ಗೋಕರ್ಣ, ಮಾತು ಅಲ್ಲಿಗೇ ನಿಂತಿತು.

ಒಂದು ಫೋನ್ ಕರೆ

ಆ್ಯಪ್‌ನಲ್ಲಿ ಉಚಿತವಾಗಿ ರದ್ದು ಮಾಡಬಹುದಾದ, ಹೋಟೆಲಿನಲ್ಲೇ ದುಡ್ಡು ಕೊಡುವ ಆಯ್ಕೆ ಇತ್ತು. ಮಗಳು ಮೊದಲು ಅದರಲ್ಲಿ ಮೂರು ರೂಮು ಹಿಡಿದಿಟ್ಟಳು. ಆಮೇಲೆ ರೆಸಾರ್ಟಿನ ಸ್ವಂತ ವೆಬ್‌ಸೈಟಿನಿಂದ ನಂಬರ್ ತೆಗೆದು ಮಧ್ಯಾಹ್ನ ಮೂರೂವರೆಗೆ ಫೋನ್ ಮಾಡಿದಳು. ಆ ಹೊತ್ತು ಆರಿಸಿದ್ದಕ್ಕೆ ಕಾರಣವಿದೆ: ಬೆಳಿಗ್ಗೆ ಹನ್ನೊಂದಕ್ಕೆ ಕೌಂಟರಿನಲ್ಲಿ ರೂಮು ಬಿಡುವವರ ಗಲಾಟೆ, ಸಂಜೆ ಹೊಸಬರು ಬರುವ ಗಲಾಟೆ.

“ಆ್ಯಪ್‌ನಲ್ಲಿ ಇರುವ ರೇಟೇ ನಮ್ಮದೂ, ಮೇಡಂ.”

“ಸರಿ ಸರ್. ಮೂರು ರೂಮು, ಮೂರು ರಾತ್ರಿ, ಮಂಗಳವಾರದಿಂದ. ನೇರ ನಿಮ್ಮ ಹತ್ತಿರವೇ ಬುಕ್ ಮಾಡ್ತೇನೆ. ಆಗ ಎಷ್ಟಕ್ಕೆ ಬರ್ತದೆ?”

ಸ್ವಲ್ಪ ಹೊತ್ತು ಯಾರ ಜತೆಗೋ ಮಾತಾಡಿ ಬಂದವರು ₹4,800 ಎಂದರು. ಅವಳು ದರಕ್ಕೆ ಜಗ್ಗಾಡಲಿಲ್ಲ, ಬೇರೆ ವಿಷಯಕ್ಕೆ ಹೋದಳು. ಅಪ್ಪಯ್ಯ, ಆಯಿಗೆ ಮೆಟ್ಟಿಲಿಲ್ಲದ ನೆಲಮಹಡಿಯ ರೂಮು ಆಗಬೇಕು. ಮಗುವಿಗೆ ಒಂದು ಹಾಸಿಗೆ ಬೇಕು. ಬೆಂಗಳೂರಿನ ರೈಲು ಬೆಳಿಗ್ಗೆಯೇ ಬರುತ್ತದೆ, ಮಧ್ಯಾಹ್ನದವರೆಗೆ ಕಾಯದೆ ರೂಮು ಸಿಗಬಹುದೇ? ಸೋಮವಾರ ರಜೆಯವರೆಲ್ಲ ಹೋಗಿಬಿಡುವುದರಿಂದ ಆ ರಾತ್ರಿ ರೂಮುಗಳು ಖಾಲಿಯೇ ಇರುತ್ತವೆ ಎಂದು ಅವರೇ ಹೇಳಿ ಎಲ್ಲದಕ್ಕೂ ಒಪ್ಪಿದರು. ಕೊನೆಯಲ್ಲಿ ಅವಳು ಕೇಳಿದ್ದು ಇಷ್ಟೇ: “4,600ಕ್ಕೆ ಮುಗಿಸಿ ಸರ್, ಇವತ್ತೇ ಅಡ್ವಾನ್ಸ್ ಹಾಕ್ತೇನೆ.” ಮುಗಿಸಿದರು. ತೆರಿಗೆ ಸೇರಿ ₹4,830, ಒಂಬತ್ತಕ್ಕೆ ₹43,470.

ಹೋಟೆಲಿನವರು ಉಪಕಾರಕ್ಕಾಗಿ ದರ ಇಳಿಸಿದ್ದಲ್ಲ. ಆ್ಯಪ್‌ಗಳು ಪ್ರತಿ ಬುಕಿಂಗಿನಲ್ಲಿ ಹೋಟೆಲಿನಿಂದ ಕಮಿಷನ್ ತೆಗೆದುಕೊಳ್ಳುತ್ತವೆ. ಶೇ 20 ಎಂದಿಟ್ಟುಕೊಂಡರೆ ₹5,200ರಲ್ಲಿ ಹೋಟೆಲಿಗೆ ಉಳಿಯುವುದು ₹4,160. ನೇರ ಬಂದ ₹4,600 ಅವರಿಗೂ ಲಾಭ, ಈ ಮನೆಗೂ ಲಾಭ. ಹಿಂದೆ ಹೀಗೆ ಕೊಡಲು ಹೋಟೆಲುಗಳಿಗೆ ಕೈ ಕಟ್ಟಿತ್ತು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೋ ಮೇಲೆ ₹223.48 ಕೋಟಿ ದಂಡ ಹಾಕಿತು. ಬೇರೆ ಕಡೆ ತಮ್ಮ ಆ್ಯಪ್‌ಗಿಂತ ಕಡಿಮೆ ದರಕ್ಕೆ ರೂಮು ಕೊಡಬಾರದು ಎಂದು ಹೋಟೆಲುಗಳ ಮೇಲೆ ಹೇರಿದ್ದ ಷರತ್ತನ್ನು ಬದಲಿಸುವಂತೆಯೂ ಆದೇಶಿಸಿತು. ಇದು ಗೊತ್ತಿದ್ದರೆ ಫೋನ್ ಮಾಡಿ ಕೇಳಲು ಸಂಕೋಚಪಡಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಗೂಗಲ್‌ನಲ್ಲಿ ಹೋಟೆಲಿನ ಹೆಸರು ಹಾಕಿದಾಗ ಬರುವ ಎಲ್ಲ ನಂಬರೂ ಹೋಟೆಲಿನದ್ದಲ್ಲ. ನಕಲಿ ವೆಬ್‌ಸೈಟು ಮಾಡಿ ಅಡ್ವಾನ್ಸ್ ಹೊಡೆಯುವವರು ಇದ್ದಾರೆ. ಮಗಳು ದರ, ತೆರಿಗೆ, ತಿಂಡಿ, ನೆಲಮಹಡಿ ರೂಮು, ಬೆಳಗಿನ ಚೆಕ್‌ಇನ್, ರದ್ದು ಮಾಡಿದರೆ ಎಷ್ಟು ವಾಪಸು ಎಂಬುದನ್ನೆಲ್ಲ ಹೋಟೆಲಿನ ಇಮೇಲಿನಿಂದ ಬರೆಸಿಕೊಂಡಳು. ಕಳಿಸಿದ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯೇ ಎಂದು ನೋಡಿದಳು. ದುಡ್ಡನ್ನು ಯಾರದೋ ವೈಯಕ್ತಿಕ ಯುಪಿಐಗೆ ಹಾಕದೆ ಸಂಸ್ಥೆಯ ಹೆಸರಿನ ಖಾತೆಗೇ ಹಾಕಿದಳು. ಆಮೇಲೆ ಆ್ಯಪ್‌ನ ಬುಕಿಂಗನ್ನು ಅದೇ ದಿನ ರದ್ದು ಮಾಡಿದಳು. ಯಾರಿಗಾದರೂ ಹೀಗೆ ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮೊದಲ ಗಂಟೆಗಳಲ್ಲಿ ಹೇಳಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪಾಯಿಂಟಿನ ಧಾರಣೆ

ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಕೊಡುವ ಪಾಯಿಂಟ್ ಮಗಳ ಕ್ರೆಡಿಟ್ ಕಾರ್ಡಿನಲ್ಲಿ 38,000 ಸೇರಿತ್ತು. ಅಳಿಯನಿಗೆ ಅದರ ಮೇಲೆ ಕಣ್ಣು. ಗೋವಾದ ದೊಡ್ಡ ಹೋಟೆಲೊಂದರಲ್ಲಿ ಒಂದು ರಾತ್ರಿ ಬಿಟ್ಟಿಯಾಗಿ ಉಳಿಯಬಹುದು, ಕಾರವಾರ ದಾಟಿದರೆ ಗೋವಾ, ಗೋಕರ್ಣದಿಂದ ಹಾಗೇ ಹೋಗಿ ಬರೋಣ ಎಂಬುದು ಅವನ ವಾದ. ಕಾರ್ಡಿನ ಪಾಯಿಂಟನ್ನು ಆ ಹೋಟೆಲಿನ ಪಾಯಿಂಟಾಗಿ ಬದಲಿಸಿಕೊಳ್ಳಬೇಕು: ಎರಡು ಕಾರ್ಡ್ ಪಾಯಿಂಟಿಗೆ ಒಂದು ಹೋಟೆಲ್ ಪಾಯಿಂಟ್. ಆ ಹೋಟೆಲಿನ ಒಂದು ರಾತ್ರಿಗೆ 18,000 ಹೋಟೆಲ್ ಪಾಯಿಂಟ್, ಅಂದರೆ ಕಾರ್ಡಿನ 36,000. ದುಡ್ಡು ಕೊಟ್ಟರೆ ಅದೇ ರೂಮು ₹11,000, ಶೇ 18 ತೆರಿಗೆ ಸೇರಿ ₹12,980. ಹಾಗೆ ನೋಡಿದರೆ ಒಂದು ಪಾಯಿಂಟಿಗೆ 36 ಪೈಸೆ. ಕಾರ್ಡಿನ ಬಿಲ್ಲಿಗೇ ಜಮಾ ಮಾಡಿಕೊಂಡರೆ 20 ಪೈಸೆ, ಹೋಟೆಲ್ ವೋಚರಿಗೆ 25, ಬ್ಯಾಂಕಿನ ಸೈಟಿನಿಂದ ವಿಮಾನದ ಟಿಕೆಟ್ ತೆಗೆದರೆ 30. ಕಾಗದದ ಮೇಲೆ ಗೋವಾವೇ ಗೆದ್ದಿತ್ತು.

ತೋಟದ ಅಡಿಕೆ ಮಾರಿ ಗೊತ್ತಿದ್ದ ಮಾಸ್ತರರು ಕೇಳಿದ್ದು ಸರಿಯಾದ ಪ್ರಶ್ನೆ: “ಪಾಯಿಂಟಿಗೆ ಧಾರಣೆ ಹೇಳಿದೆ. ಆದರೆ ಆ ರೂಮಿಗೆ ನೀನು ಕೈಯಿಂದ ಹದಿಮೂರು ಸಾವಿರ ಕೊಡ್ತಿದ್ದೆಯಾ?”

ಖಂಡಿತ ಕೊಡುತ್ತಿರಲಿಲ್ಲ. ಗೋವಾದಲ್ಲಿ ಉಳಿಯಲೇಬೇಕಾಗಿದ್ದರೆ ₹5,000ದ ರೂಮು ಹಿಡಿಯುತ್ತಿದ್ದರು, ತೆರಿಗೆ ಸೇರಿ ₹5,250. ಪಾಯಿಂಟಿನಿಂದ ನಿಜವಾಗಿ ಉಳಿಯುವುದು ಅಷ್ಟೇ, ಅಂದರೆ ಪಾಯಿಂಟಿಗೆ ಹದಿನೈದು ಪೈಸೆಯೂ ಬರಲಿಲ್ಲ. ಮೇಲಾಗಿ ಬಿಟ್ಟಿ ಸಿಗುವುದು ಒಂದೇ ರೂಮು. ಅದೇ ಹೋಟೆಲಿನಲ್ಲಿ ಉಳಿದೆರಡು ರೂಮಿಗೆ ₹25,960 ಕೈಯಿಂದ ಹೋಗಬೇಕು. ಟ್ಯಾಕ್ಸಿ, ಊಟ ಬೇರೆ. ಯಾರೂ ಕೇಳದಿದ್ದ ಒಂದು ರಾತ್ರಿಗೆ, ಪಾಯಿಂಟ್ ಇದೆ ಎಂಬ ಕಾರಣಕ್ಕೆ ಮೂವತ್ತು ಸಾವಿರ ಖರ್ಚು. ಅಳಿಯನೇ ಗೋವಾದ ಮಾತು ಕೈಬಿಟ್ಟ.

ಈ ಪ್ರಶ್ನೆಯನ್ನು ನಾನು ಈಗ ಎಲ್ಲರಿಗೂ ಕೇಳುತ್ತೇನೆ. ಹೇಗಿದ್ದರೂ ಖರ್ಚಾಗುವ ದುಡ್ಡಿನ ಜಾಗದಲ್ಲಿ ಪಾಯಿಂಟ್ ಹೋದರೆ ಮಾತ್ರ ಅದು ದುಡ್ಡು. ನಮ್ಮ ಕರಾವಳಿಯ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಹೋಟೆಲ್ ಪಾಯಿಂಟುಗಳು ನಡೆಯುವುದು ದೊಡ್ಡ ಚೈನುಗಳಲ್ಲಿ, ಕುಮಟಾ, ಹೊನ್ನಾವರ, ಅಂಕೋಲಾ, ಮುರ್ಡೇಶ್ವರದ ಬಹುಪಾಲು ಲಾಡ್ಜು, ಹೋಮ್‌ಸ್ಟೇಗಳು ಸ್ಥಳೀಯರವು. ಇಲ್ಲಿಯ ರೂಮಿಗೆ ಫೋನ್ ಕರೆ, ಬಂದು ಹೋಗುವ ಟಿಕೆಟಿಗೆ ಪಾಯಿಂಟ್ ಎಂದು ಭಾಗ ಮಾಡಿಕೊಂಡರೆ ಎರಡರಿಂದಲೂ ಪೂರ್ತಿ ಪ್ರಯೋಜನ ಸಿಗುತ್ತದೆ.

ಈ ಮನೆಯವರು ಮಾಡಿದ್ದೂ ಅದನ್ನೇ. ಮಗ, ಸೊಸೆ ಜನವರಿ 24ಕ್ಕೆ ಹುಬ್ಬಳ್ಳಿಗೆ ವಿಮಾನದಲ್ಲಿ ಬಂದು, ಶಿರಸಿಯ ಮನೆಯಲ್ಲಿ ಮೂರು ರಾತ್ರಿ ಇದ್ದು, ಅಪ್ಪಯ್ಯ, ಆಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಬರುವುದೆಂದು ಮೊದಲೇ ತೀರ್ಮಾನವಾಗಿತ್ತು. ಅವರಿಬ್ಬರ ಹೋಗಿಬರುವ ಟಿಕೆಟು ₹22,400. ಅದಕ್ಕೆ 38,000 ಪಾಯಿಂಟ್ ಹಾಕಿದರು, ₹11,400 ಇಳಿಯಿತು. ಆ ಕಾರ್ಡಿನಲ್ಲಿ ಟಿಕೆಟ್ ಮೊತ್ತದ ಶೇ 70ಕ್ಕಿಂತ ಹೆಚ್ಚಿಗೆ ಪಾಯಿಂಟ್ ಬಳಸುವ ಹಾಗಿಲ್ಲ, ಒಮ್ಮೆ ಬಳಸಿದ್ದಕ್ಕೆ ₹99 ಮತ್ತು ಜಿಎಸ್‌ಟಿ ಶುಲ್ಕ. ಅದಕ್ಕೇ ಆಗಾಗ ಚೂರು ಚೂರು ಬಳಸದೆ ಒಂದೇ ಸಲ ಬಳಸಿದ್ದು ಒಳ್ಳೆಯದಾಯಿತು. ಅಡಿಕೆಯನ್ನಾದರೆ ಧಾರಣೆ ಏರುವವರೆಗೆ ಮನೆಯಲ್ಲಿಟ್ಟು ಕಾಯಬಹುದು, ಪಾಯಿಂಟನ್ನು ಹಾಗೆ ಇಡಲಾಗದು. ಅದಕ್ಕೆ ಅವಧಿ ಮುಗಿಯುವ ದಿನಾಂಕವಿದೆ, ಬ್ಯಾಂಕು ಒಂದು ಇಮೇಲ್ ಕಳಿಸಿ ಅದರ ಬೆಲೆಯನ್ನೇ ಇಳಿಸಬಹುದು.

ಬೆಂಗಳೂರಿನಿಂದ ಮೂವರೂ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬಂದರು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120ರ ಬದಲು 60 ದಿನಕ್ಕೆ ಇಳಿದಿದೆ. ಜನವರಿ 26ರ ರಾತ್ರಿಯ ಟಿಕೆಟಿಗೆ ನವೆಂಬರ್ 27ರ ಬೆಳಿಗ್ಗೆಯೇ ಕೂತು ಬುಕ್ ಮಾಡಿದರು. ಐದು ವರ್ಷ ತುಂಬದ ಮಗುವಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಕಿಲ್ಲ.

ಕಾರ್ಡಿನ ಇನ್ನೊಂದು ಮುಖ

ಈ 38,000 ಪಾಯಿಂಟ್ ಸುಮ್ಮನೆ ಬಂದದ್ದಲ್ಲ. ₹150 ಖರ್ಚಿಗೆ 4 ಪಾಯಿಂಟ್, ಅಂದರೆ ₹14.25 ಲಕ್ಷ ಖರ್ಚು. ಮನೆ ಸಾಮಾನು, ಇನ್ಶೂರೆನ್ಸ್, ಕರೆಂಟ್ ಬಿಲ್ಲು, ಶಾಲೆ ಫೀಸು ಎಲ್ಲ ಸೇರಿ ವರ್ಷಗಳ ಲೆಕ್ಕ. ₹11,400 ಅದರ ಶೇ 0.8 ಮಾತ್ರ.

ಈಗ ಇನ್ನೊಂದು ಕಡೆ ನೋಡಿ. ₹50,000ದ ಬಿಲ್ಲಿಗೆ ಕನಿಷ್ಠ ಮೊತ್ತ ಮಾತ್ರ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕಿದರೆ ತಿಂಗಳಿಗೆ ಶೇ 3.5ರ ಆಸುಪಾಸು ಬಡ್ಡಿ ಬೀಳುತ್ತದೆ. ಪೂರ್ತಿ ಮೊತ್ತಕ್ಕೆ ಒಂದು ತಿಂಗಳು ಹಿಡಿದರೆ ₹1,750, ಅದರ ಮೇಲೆ ಶೇ 18 ಜಿಎಸ್‌ಟಿ ₹315, ಒಟ್ಟು ₹2,065. ಶೇ 0.8ರ ಲೆಕ್ಕದಲ್ಲಿ ಅಷ್ಟನ್ನು ಪಾಯಿಂಟಿನಿಂದ ಗಳಿಸಲು ಎರಡೂವರೆ ಲಕ್ಷಕ್ಕೂ ಹೆಚ್ಚು ಖರ್ಚು ಮಾಡಬೇಕು. ಜತೆಗೆ ಬಾಕಿ ಉಳಿಸಿದವರಿಗೆ ಹೊಸ ಖರೀದಿಯ ಮೇಲೂ ಬಡ್ಡಿಯಿಲ್ಲದ ಅವಧಿ ಹೋಗಿಬಿಡುತ್ತದೆ. ಮಗಳು ಪೂರ್ತಿ ಬಿಲ್ಲನ್ನು ಆಟೋಪೇಗೆ ಹಾಕಿಟ್ಟಿದ್ದಾಳೆ. ಹಾಗೆ ಮಾಡಲಾಗದವರು ಪಾಯಿಂಟಿನ ಆಸೆಗೆ ಕಾರ್ಡ್ ಮಾಡಿಸುವುದೇ ಬೇಡ ಎಂದು ನನ್ನ ಖಚಿತ ಅಭಿಪ್ರಾಯ.

ಅಲ್ಲಿ ಹೋದ ಮೇಲೆ

ಹೇಳಿದಂತೆ ಮೂರೂ ರೂಮು ಬೆಳಿಗ್ಗೆಯೇ ಸಿಕ್ಕವು, ಮಾಸ್ತರರಿಗೆ ನೆಲಮಹಡಿ. ತಿಂಡಿ ಬಾಡಿಗೆಯಲ್ಲೇ ಸೇರಿತ್ತು. ಮಧ್ಯಾಹ್ನದ ಊಟಕ್ಕೆ ದೇವಸ್ಥಾನದ ಕಡೆ ಹೋಗುತ್ತಿದ್ದರಿಂದ ರೆಸಾರ್ಟಿನ ಊಟದ ಖರ್ಚು ಒಂದು ರಾತ್ರಿಗೆ ಮತ್ತು ಸಂಜೆಯ ಚಹಾ, ಬಜ್ಜಿಗೆ ಸೀಮಿತವಾಯಿತು. ಹೊರಡುವ ದಿನ ಆ ₹6,400ರ ಊಟ, ಚಹಾದ ಮೇಲೆ ಶೇ 10 ಸರ್ವಿಸ್ ಚಾರ್ಜ್ ಹಾಕಿದ್ದರು. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾವಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮಗಳು ಮೆಲ್ಲಗೆ ಕೇಳಿದಳು, ಕೌಂಟರಿನವರು ಮರುಮಾತಿಲ್ಲದೆ ತೆಗೆದರು. ತೆರಿಗೆ ಸೇರಿ ₹672 ಉಳಿಯಿತು. ಬಡಿಸಿದ ಹುಡುಗರ ಕೈಗೆ ಆಯಿ ತಾವೇ ₹300 ಕೊಟ್ಟರು.

ದಿನಾಂಕ ಬದಲಿಸಲಾಗದವರಿಗೆ ಈ ಲೆಕ್ಕದ ದೊಡ್ಡ ಪಾಲು ಸಿಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬೆಯ ಜಾತ್ರೆಗೆ ಬರುವವರನ್ನೇ ನೋಡಿ: ಪೇಟೆಯ ಲಾಡ್ಜುಗಳು ತುಂಬಿರುತ್ತವೆ, ಫೋನ್ ಮಾಡಿದರೂ ಯಾರೂ ದರ ಇಳಿಸರು. ಅಂಥವರು ಜಾತ್ರೆಯ ದಿನ ಗೊತ್ತಾದ ಕೂಡಲೇ ರದ್ದು ಮಾಡಬಹುದಾದ ರೂಮೊಂದನ್ನು ಹಿಡಿದಿಡಲಿ, ಸಿದ್ದಾಪುರ, ಯಲ್ಲಾಪುರದ ಕಡೆಯೂ ವಿಚಾರಿಸಲಿ. ಹಾಗೆ ಮುಂಗಡ ಹಿಡಿದ ರೂಮು ಬೇಡವಾದರೆ ಕೊನೆಯ ದಿನದವರೆಗೆ ಇಟ್ಟುಕೊಳ್ಳದೆ ಬೇಗ ಬಿಟ್ಟುಕೊಡಲಿ, ಇನ್ನೊಂದು ಮನೆಯವರಿಗೆ ಸಿಗುತ್ತದೆ.